ಗ್ಯಾಲಪಗೋಸ್‌ಗೆ ಅಪ್ಪನ ಜೊತೆ: ಗೈಡ್ ಇರುವ ಹಡಗೋ, ಊರಲ್ಲಿ ಉಳಿದು ದಿನಾ ಓಡಾಟವೋ?

ಮೇಗರವಳ್ಳಿ ತೋಟ:
ಎಲ್ಲರಿಗೂ ನಮಸ್ಕಾರ. ಅಪ್ಪನನ್ನು ಗ್ಯಾಲಪಗೋಸ್ ದ್ವೀಪಗಳಿಗೆ ಕರೆದುಕೊಂಡು ಹೋಗಬೇಕು ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ಅವರು ಹೈಸ್ಕೂಲಿನಲ್ಲಿ ಜೀವಶಾಸ್ತ್ರದ ಮೇಷ್ಟ್ರಾಗಿದ್ದವರು. ಡಾರ್ವಿನ್ 1835ರಲ್ಲಿ ಅಲ್ಲಿ ಐದು ವಾರ ಸುತ್ತಿದ್ದನ್ನು ಎಷ್ಟೋ ಬ್ಯಾಚಿನ ಮಕ್ಕಳಿಗೆ ಹೇಳಿದ್ದಾರೆ. ಆದರೆ ಅವರು ಸಮುದ್ರ ಅಂತ ನೋಡಿದ್ದು ಮಲ್ಪೆ, ಮುರುಡೇಶ್ವರ ಅಷ್ಟೇ. ಈಗ ವಯಸ್ಸು ಎಪ್ಪತ್ತರ ಹತ್ತಿರ. ಮಂಡಿ ಗಟ್ಟಿ ಇರುವಾಗಲೇ ಹೋಗಿಬರೋಣ ಅಂತ ನನ್ನ ಹಟ. ಹೆಂಡತಿಯೂ ಬರುತ್ತಾಳೆ.

ಎರಡು ದಾರಿ ಕಾಣುತ್ತಿವೆ. ಒಂದು, ಎಂಟು ದಿನ ಸಣ್ಣ ಹಡಗಿನಲ್ಲೇ ಉಳಿದು ಗೈಡ್ ಜೊತೆ ದ್ವೀಪದಿಂದ ದ್ವೀಪಕ್ಕೆ ಹೋಗುವುದು. ಇನ್ನೊಂದು, ಅಲ್ಲಿನ ಊರಲ್ಲಿ ರೂಮ್ ಮಾಡಿ ದಿನಾ ದೋಣಿಯಲ್ಲಿ ಹೋಗಿ ಬರುವುದು. ಎರಡನೆಯದಕ್ಕೆ ಖರ್ಚು ತುಂಬಾ ಕಡಿಮೆ. ಯಾವುದು ಸರಿ? ತೋಟದ ಕೆಲಸ ನೋಡಿಕೊಂಡು ಯಾವ ತಿಂಗಳು ಹೊರಡಬಹುದು? ನಮ್ಮದು ಪೂರ್ತಿ ಸಸ್ಯಾಹಾರ. ಹೋಗಿ ಬಂದವರು ಇದ್ದರೆ ಬಿಡಿಸಿ ಬರೆಯಿರಿ.

ಮಂಡಗದ್ದೆ ಬೈನಾಕ್ಯುಲರ್:
ಹಡಗೇ ಹಿಡಿಯಿರಿ. ನಾನೂ ತಮ್ಮನೂ ಹದಿನಾರು ಜನರ ಹಡಗಿನಲ್ಲಿ ಪಶ್ಚಿಮದ ದ್ವೀಪಗಳನ್ನು ನೋಡಿ ಬಂದಿದ್ದೇವೆ. ದಕ್ಷಿಣ ಅಮೆರಿಕದ ಈಕ್ವೆಡಾರ್ ತೀರದಿಂದ ಸುಮಾರು ಸಾವಿರ ಕಿಲೋಮೀಟರ್ ದೂರದ ಸಮುದ್ರ ಅದು. ಅಲ್ಲಿನ ನೆಲದಲ್ಲಿ ಶೇ. 97 ಭಾಗ ರಾಷ್ಟ್ರೀಯ ಉದ್ಯಾನ. ಊರಲ್ಲಿ ಉಳಿದರೆ ಹತ್ತಿರದ ಜಾಗಗಳಿಗೆ ಮಾತ್ರ ಹೋಗಿ ಬರಬಹುದು. ಫರ್ನಾಂಡಿನಾ, ಇಸಾಬೆಲಾದ ಪಶ್ಚಿಮ ತೀರ, ಉತ್ತರದ ಜೆನೊವೇಸಾ ಎಲ್ಲ ದೂರ. ಹಡಗು ಹೆಚ್ಚಾಗಿ ರಾತ್ರಿ ಸಾಗುತ್ತದೆ. ಬೆಳಿಗ್ಗೆ ಎದ್ದರೆ ಹೊಸ ದ್ವೀಪದ ಎದುರು ಲಂಗರು ಹಾಕಿರುತ್ತಾರೆ. ಬೇರೆ ಜನರೇ ಇರುವುದಿಲ್ಲ.

ದಿನ ಹೇಗಿರುತ್ತದೆ ಅಂದರೆ, ಬೆಳಿಗ್ಗೆ ಒಂದು ಇಳಿಯುವಿಕೆ, ಮಧ್ಯಾಹ್ನದ ಮೇಲೆ ಇನ್ನೊಂದು. ನಡುವೆ ಈಜು. ಹಡಗಿನಿಂದ ದಡಕ್ಕೆ ಪಂಗಾ ಅನ್ನುವ ರಬ್ಬರ್ ದೋಣಿಯಲ್ಲಿ ಹೋಗಬೇಕು. ಕೆಲವು ಕಡೆ ಬಂಡೆಗೆ ನೇರವಾಗಿ ಕಾಲಿಡಬಹುದು, ಕೆಲವು ಕಡೆ ಮೊಣಕಾಲುದ್ದ ನೀರಿಗೆ ಇಳಿಯಬೇಕು. ಅಪ್ಪನಿಗೆ ಇದನ್ನು ಮೊದಲೇ ಹೇಳಿಡಿ. ಹತ್ತುವಾಗ ಇಳಿಯುವಾಗ ಹಡಗಿನವರು ಮುಂಗೈ ಹಿಡಿದು ನಿಲ್ಲಿಸುತ್ತಾರೆ, ಹೆದರಬೇಕಿಲ್ಲ. ರಾತ್ರಿ ಊಟಕ್ಕೆ ಮೊದಲು ಗೈಡ್ ಎಲ್ಲರನ್ನೂ ಕೂರಿಸಿ ನಾಳೆ ಏನು ನೋಡುತ್ತೇವೆ, ಎಲ್ಲಿ ಹುಷಾರಾಗಿರಬೇಕು ಅಂತ ವಿವರಿಸುತ್ತಾರೆ.

ಈಗ ಫರ್ನಾಂಡಿನಾ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ನಾನು ಹುಟ್ಟಿದಾಗಿನಿಂದ ಮಂಡಗದ್ದೆಯಲ್ಲಿ ನೀರುಕಾಗೆ ನೋಡಿದವನು. ತುಂಗೆಯಲ್ಲಿ ಮುಳುಗಿ ಮೀನು ಹಿಡಿದು, ಮರದ ಮೇಲೆ ಕೂತು ರೆಕ್ಕೆ ಅಗಲಿಸಿ ಒಣಗಿಸಿಕೊಳ್ಳುತ್ತವೆ. ಫರ್ನಾಂಡಿನಾದ ಕಪ್ಪು ಬಂಡೆ ಮೇಲೆ ಅದೇ ಜಾತಿಯ ಬಂಧು ಕೂತಿತ್ತು. ದೊಡ್ಡ ಮೈ, ಆದರೆ ಚೂರೇ ಚೂರು ರೆಕ್ಕೆ. ಅದಕ್ಕೆ ಹಾರಲು ಬರುವುದಿಲ್ಲ. ಜಗತ್ತಿನಲ್ಲಿ ಹಾರಲಾರದ ನೀರುಕಾಗೆ ಇದೊಂದೇ, ಇರುವುದೂ ಫರ್ನಾಂಡಿನಾ ಮತ್ತು ಇಸಾಬೆಲಾ ತೀರದಲ್ಲಿ ಮಾತ್ರ. ಹಿಡಿದು ತಿನ್ನುವ ಪ್ರಾಣಿ ನೆಲದ ಮೇಲೆ ಇರಲಿಲ್ಲ, ಮೀನು ಕಾಲ ಬುಡದಲ್ಲೇ ಇತ್ತು. ಹಾರುವ ಅಗತ್ಯವೇ ಹೋಯಿತು. ಆದರೂ ನೀರಿಂದ ಮೇಲೆ ಬಂದಾಗ ಆ ಮೋಟು ರೆಕ್ಕೆಗಳನ್ನು ಅಗಲಿಸಿ ಬಿಸಿಲಿಗೆ ಹಿಡಿಯುತ್ತದೆ. ಅದನ್ನು ನೋಡಿ ನನಗೆ ಗಂಟಲು ಕಟ್ಟಿತು. ಜೀವಶಾಸ್ತ್ರ ಪಾಠ ಮಾಡಿದವರು ಅದನ್ನು ಕಣ್ಣಾರೆ ನೋಡಲೇಬೇಕು. ಇದು ಊರಲ್ಲಿ ಉಳಿದವರಿಗೆ ಸಿಗುವುದಿಲ್ಲ.

ಅದರ ಪಕ್ಕದಲ್ಲೇ ಕಡಲ ಇಗುವಾನಾಗಳು ನೂರಾರು, ಒಂದರ ಮೇಲೊಂದು. ಸಮುದ್ರಕ್ಕಿಳಿದು ಪಾಚಿ ಮೇಯುವ ಹಲ್ಲಿ ಜಾತಿ ಇದೊಂದೇ. ಮೈಯಲ್ಲಿ ಸೇರಿದ ಉಪ್ಪನ್ನು ಮೂಗಿನಿಂದ ಪುಸ್ ಅಂತ ಚಿಮ್ಮಿಸುತ್ತವೆ.

ವಿನೋಬನಗರದ ಡಾಕ್ಟ್ರಮ್ಮ:
ಹಡಗು, ಊರು ಎಲ್ಲ ಆಮೇಲೆ. ತಂದೆಯವರ ವಿಷಯದಲ್ಲಿ ಮೊದಲು ಯೋಚಿಸಬೇಕಾದ್ದು ಹಳದಿ ಜ್ವರದ ಲಸಿಕೆ. ನಮ್ಮ ಸರ್ಕಾರದ ಪಟ್ಟಿಯಲ್ಲಿ ಈಕ್ವೆಡಾರ್ ಹಳದಿ ಜ್ವರದ ದೇಶ. ಅಲ್ಲಿಂದ ವಾಪಸ್ ಬರುವಾಗ ಲಸಿಕೆಯ ಪ್ರಮಾಣಪತ್ರ ತೋರಿಸಬೇಕು. ಇಲ್ಲದಿದ್ದರೆ ವಿಮಾನ ನಿಲ್ದಾಣದಿಂದಲೇ ಕರೆದೊಯ್ದು 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಹಾಕಿಸಿದ 10 ದಿನದ ಮೇಲೆ ಪ್ರಮಾಣಪತ್ರಕ್ಕೆ ಬೆಲೆ ಬರುತ್ತದೆ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಎಲ್ಲ ಕ್ಲಿನಿಕ್‌ನಲ್ಲಿ ಹಾಕುವುದಿಲ್ಲ. ಸರ್ಕಾರ ಗೊತ್ತುಮಾಡಿದ ಕೇಂದ್ರಕ್ಕೇ ಹೋಗಬೇಕು.

ನಿಮಗೆ, ನಿಮ್ಮ ಹೆಂಡತಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ಆದರೆ 60 ದಾಟಿದವರಿಗೆ ಈ ಲಸಿಕೆಯನ್ನು ಮೊದಲ ಸಲ ಹಾಕುವಾಗ ಗಂಭೀರ ಅಡ್ಡಪರಿಣಾಮದ ಅಪಾಯ ಉಳಿದವರಿಗಿಂತ ಜಾಸ್ತಿ. ಹಾಕಲೇಬಾರದು ಅಂತಲ್ಲ. ಅವರ ಆರೋಗ್ಯ ಪೂರ್ತಿ ಗೊತ್ತಿರುವ ಡಾಕ್ಟರ್ ಎದುರು ಕೂತು ಮಾತಾಡಿ ತೀರ್ಮಾನಿಸಬೇಕು. ಹಡಗಿಗೆ ಮುಂಗಡ ಕೊಡುವ ಮೊದಲು ಇದಾಗಲಿ. ನಾನು ಪರೀಕ್ಷೆ ಮಾಡದೆ ಇಲ್ಲಿ ಹಾಕಿಸಿ, ಬೇಡ ಅಂತ ಹೇಳುವುದು ಸರಿಯಲ್ಲ.

ಇನ್ನೊಂದು ವಿಷಯ. ದ್ವೀಪಕ್ಕೆ ವಿಮಾನ ಹೊರಡುವುದು ಈಕ್ವೆಡಾರ್‌ನ ಕೀಟೊ ಅಥವಾ ಗ್ವಾಯಾಕಿಲ್ ನಗರದಿಂದ. ಕೀಟೊ ಇರುವುದು 2,850 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿ ತುದಿಗಿಂತ 900 ಮೀಟರ್‌ಗೂ ಮೇಲೆ. ಬಿಪಿ, ಹೃದಯದ ತೊಂದರೆ ಇದ್ದರೆ ಅಲ್ಲಿ ಇಳಿದ ಮೊದಲ ದಿನ ಸುಮ್ನೆ ವಿಶ್ರಾಂತಿ ಮಾಡಿ. ಗ್ವಾಯಾಕಿಲ್ ಸಮುದ್ರಮಟ್ಟದಲ್ಲಿದೆ, ಆದರೆ ಆ ನಗರದಲ್ಲಿ 2024ರಿಂದ ಗಲಭೆಯ ಸುದ್ದಿ ಕೇಳುತ್ತಲೇ ಇದ್ದೇವೆ. ಅಲ್ಲಿ ಇಳಿದರೆ ವಿಮಾನ ನಿಲ್ದಾಣದ ಹತ್ತಿರವೇ ಉಳಿಯಿರಿ.

ನಾವು ಹೋದಾಗ ಸಾಂತಾ ಕ್ರೂಸ್ ದ್ವೀಪದ ಪ್ವೆರ್ತೊ ಆಯೊರಾ ಊರಲ್ಲಿ ಉಳಿದಿದ್ದೆವು. ಅತ್ತೆಯವರಿಗೆ ಹಡಗಿನ ಓಲಾಟ ಆಗುವುದಿಲ್ಲ ಅಂತ ಆ ದಾರಿ ಆರಿಸಿದ್ದು. ಬೈನಾಕ್ಯುಲರ್ ಅವರು ಹೇಳಿದ ನೀರುಕಾಗೆ ನಮಗೆ ಸಿಗಲಿಲ್ಲ, ನಿಜ. ಆದರೆ ಬೆಟ್ಟದ ಮೇಲಿನ ಮಂಜಿನಲ್ಲಿ ದೈತ್ಯ ಆಮೆಗಳು ಹುಲ್ಲು ಮೇಯುವುದನ್ನು ಅತ್ತೆ ಕಣ್ತುಂಬ ನೋಡಿದರು. ಊರಿನ ಮೀನು ಮಾರ್ಕೆಟ್‌ನಲ್ಲಿ ಕಡಲಸಿಂಹ ಬಂದು ಕಟ್ಟೆ ಪಕ್ಕ ನಿಂತಿರುತ್ತದೆ. ಸಂಜೆ ನೆಲದ ಮೇಲೆ ಮಲಗಿದರೆ ಸಾಕಪ್ಪ ಅನ್ನುವ ವಯಸ್ಸಾದವರಿಗೆ ಈ ದಾರಿಯೂ ಒಳ್ಳೆಯದೇ. ಆದರೆ ಒಂದು ದ್ವೀಪದ ಊರಿಂದ ಇನ್ನೊಂದಕ್ಕೆ ಹೋಗುವ ವೇಗದ ದೋಣಿ ಎರಡು ಗಂಟೆ ಕುಕ್ಕುತ್ತದೆ. ಹಡಗಿಗಿಂತ ಅದೇ ಕಷ್ಟ. ಬೆನ್ನು ನೋವಿನವರಿಗೆ ಬೇಡವೇ ಬೇಡ.

ಮೇಗರವಳ್ಳಿ ತೋಟ:
ಡಾಕ್ಟ್ರೇ, ಲಸಿಕೆ ವಿಷಯ ನನ್ನ ತಲೆಯಲ್ಲೇ ಇರಲಿಲ್ಲ. ಏಜೆಂಟ್ ಒಬ್ಬರ ಹತ್ತಿರ ಒಂದು ಗಂಟೆ ಮಾತಾಡಿದೆ, ಅವರೂ ಹೇಳಲಿಲ್ಲ. ತುಂಬಾ ಉಪಕಾರ ಆಯಿತು.

ಕೊಪ್ಪದ ಶಾಂತಕ್ಕ:
ಏಜೆಂಟರು ವೀಸಾದ್ದೂ ಅರ್ಧ ಹೇಳುತ್ತಾರೆ. ಈಕ್ವೆಡಾರ್‌ನ ನಿಯಮ ಬದಲಾಗುತ್ತಾ ಇರುತ್ತದೆ. ದೆಹಲಿಯ ರಾಯಭಾರ ಕಚೇರಿಯಲ್ಲೇ ಕೇಳಿ ಟಿಕೆಟ್ ಮಾಡಿ. ಅಮೆರಿಕದ ಮೇಲೆ ಹೋಗುವುದಾದರೆ ಅಲ್ಲಿ ಬರೀ ವಿಮಾನ ಬದಲಿಸುವುದಕ್ಕೂ ಅಮೆರಿಕದ ವೀಸಾ ಬೇಕು. ಆಮ್‌ಸ್ಟರ್‌ಡ್ಯಾಮ್, ಮ್ಯಾಡ್ರಿಡ್ ಎರಡರಿಂದಲೂ ಕೀಟೊಗೆ ವಿಮಾನ ಇದೆ.

ದುಡ್ಡಿನ ಲೆಕ್ಕದಲ್ಲಿ ಇದನ್ನೂ ಸೇರಿಸಿಕೊಳ್ಳಿ. ಉದ್ಯಾನದ ಪ್ರವೇಶ ಶುಲ್ಕ 2024ರ ಆಗಸ್ಟ್‌ನಿಂದ ನಮ್ಮಂಥ ವಿದೇಶಿಯರಿಗೆ ತಲೆಗೆ 200 ಡಾಲರ್. ಅದಕ್ಕೂ ಮೊದಲು 100 ಇತ್ತು. ಇದರ ಜೊತೆ ದ್ವೀಪಕ್ಕೆ ಹೋಗಿ ಬರುವ ಪ್ರಯಾಣಿಕರ ಕಾರ್ಡ್ ಬೇರೆ. ಈಕ್ವೆಡಾರ್‌ನಲ್ಲಿ ನಡೆಯುವುದೇ ಅಮೆರಿಕದ ಡಾಲರ್, ಹಾಗಾಗಿ ಇಲ್ಲಿಂದಲೇ ಸಣ್ಣ ನೋಟು ಒಯ್ಯಿರಿ.

ಸಾಗರದ ಮೇಷ್ಟ್ರು:
ತಂದೆಯವರು ನಮ್ಮ ವೃತ್ತಿಯವರು ಅಂತ ಓದಿ ಖುಷಿಯಾಯಿತು. ನಾನು ಕಲಿಸಿದ್ದು ಭೂಗೋಳ. ದ್ವೀಪಗಳನ್ನು ಯಾವ ಕ್ರಮದಲ್ಲಿ ನೋಡಬೇಕು ಅನ್ನುವುದಕ್ಕೆ ಭೂಮಿಯ ಕತೆ ಗೊತ್ತಿದ್ದರೆ ಒಳ್ಳೆಯದು.

ಸಮುದ್ರದ ತಳದ ಕೆಳಗೆ ಒಂದು ಬಿಸಿ ಜಾಗ ಇದೆ. ಅಲ್ಲಿಂದ ಕರಗಿದ ಕಲ್ಲು ಮೇಲೆ ಉಕ್ಕುತ್ತದೆ, ದ್ವೀಪ ಹುಟ್ಟುತ್ತದೆ. ಆ ಜಾಗ ಅಲ್ಲೇ ಇರುತ್ತದೆ, ಆದರೆ ಮೇಲಿನ ನಾಜ್ಕಾ ಫಲಕ, ಅಂದರೆ ಭೂಮಿಯ ಹೊರಪದರದ ಒಂದು ತುಂಡು, ಪೂರ್ವದ ಕಡೆ ನಿಧಾನವಾಗಿ ಜರುಗುತ್ತದೆ. ಹೀಗಾಗಿ ಪಶ್ಚಿಮದ ಫರ್ನಾಂಡಿನಾ, ಇಸಾಬೆಲಾ ಎಳೆಯವು. ಈಗಲೂ ಬೆಂಕಿ ಉಗುಳುತ್ತವೆ. ಇಸಾಬೆಲಾದ ವುಲ್ಫ್ ಜ್ವಾಲಾಮುಖಿ 2022ರ ಜನವರಿಯಲ್ಲಿ, ಫರ್ನಾಂಡಿನಾ 2024ರ ಮಾರ್ಚ್‌ನಲ್ಲಿ ಸಿಡಿದವು. ಪೂರ್ವದ ಎಸ್ಪಾನ್ಯೋಲಾ, ಸ್ಯಾನ್ ಕ್ರಿಸ್ಟೊಬಾಲ್ ಮೂವತ್ತು ಲಕ್ಷ ವರ್ಷಕ್ಕೂ ಹಳೆಯವು, ಸವೆದು ತಗ್ಗಾಗಿವೆ. ಪೂರ್ವದಿಂದ ಪಶ್ಚಿಮಕ್ಕೆ ಹೋಗುವ ಹಡಗಿನಲ್ಲಿ ಕೂತರೆ ಮುದಿ ದ್ವೀಪದಿಂದ ಎಳೆ ದ್ವೀಪದವರೆಗೆ ಎಲ್ಲ ವಯಸ್ಸನ್ನೂ ನೋಡಬಹುದು.

ಭೂಮಧ್ಯ ರೇಖೆಯ ಮೇಲೆ ಪೆಂಗ್ವಿನ್ ಹೇಗೆ ಅಂತ ಅಪ್ಪನನ್ನು ಮಕ್ಕಳು ಕೇಳಿಯೇ ಇರುತ್ತಾರೆ. ಪಶ್ಚಿಮದಿಂದ ಆಳದಲ್ಲಿ ಬರುವ ಕ್ರಾಮ್‌ವೆಲ್ ಪ್ರವಾಹ ಈ ದ್ವೀಪಗಳಿಗೆ ಬಡಿದು ತಣ್ಣೀರನ್ನು ಮೇಲಕ್ಕೆ ತರುತ್ತದೆ. ದಕ್ಷಿಣದಿಂದ ಹಂಬೋಲ್ಟ್ ಪ್ರವಾಹವೂ ಸೇರುತ್ತದೆ. ತಣ್ಣೀರಿನ ಜೊತೆ ಮೀನಿನ ಆಹಾರ ಬರುತ್ತದೆ, ಮೀನು ಬರುತ್ತದೆ, ಹಕ್ಕಿ ಬದುಕುತ್ತದೆ. ಎಲ್ ನಿನ್ಯೋ ವರ್ಷ ನೀರು ಬಿಸಿಯಾದರೆ ಎಲ್ಲವೂ ಕೆಡುತ್ತದೆ. ಪಾಚಿ ಸಿಗದೆ ಕಡಲ ಇಗುವಾನಾಗಳ ಮೈಯುದ್ದವೇ ಕುಗ್ಗಿದ್ದನ್ನು ವಿಜ್ಞಾನಿಗಳು ಅಳೆದಿದ್ದಾರೆ. ಬೆನ್ನುಮೂಳೆ ಇರುವ ಪ್ರಾಣಿಯಲ್ಲಿ ಇದು ಅಪರೂಪ.

ಹೊರಡುವ ಮೊದಲು ಒಂದು ಕೆಲಸ ಮಾಡಿ. ಆಗುಂಬೆ ಘಾಟಿ ಇಳಿದು ಮಲ್ಪೆಗೆ ಹೋಗಿ, ದೋಣಿ ಹಿಡಿದು ಸೇಂಟ್ ಮೇರೀಸ್ ದ್ವೀಪ ನೋಡಿ ಬನ್ನಿ. ಅದೂ ಜ್ವಾಲಾಮುಖಿಯ ಕಲ್ಲೇ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಕಾಲದ ಲಾವಾ. ತಣ್ಣಗಾಗುವಾಗ ಬಿರಿದು ಆರು ಮೂಲೆಯ ಕಂಬಗಳಾಗಿ ನಿಂತಿದೆ. ಅಪ್ಪ ಮಲ್ಪೆಯಲ್ಲಿ ನಿಂತು ಸಮುದ್ರ ನೋಡಿದ್ದಾರೆ ಅಂದಿರಲ್ಲ, ಎದುರಿಗೇ ಇದೆ. ಮಳೆಗಾಲದಲ್ಲಿ ದೋಣಿ ಇರುವುದಿಲ್ಲ.

ನಿಟ್ಟೂರು ಹೋಂಸ್ಟೇ:
ನನ್ನ ಅಭಿಪ್ರಾಯ ಬೇರೆ ಇದೆ ಮಾರಾಯ್ರೆ. ಅಪ್ಪನ ಮೇಲಿನ ಪ್ರೀತಿ ದೊಡ್ಡದು, ಅದಕ್ಕೆ ನಾನು ಅಡ್ಡ ಮಾತಾಡುವುದಿಲ್ಲ. ಆದರೆ ಇಷ್ಟು ದೂರದ ವಿಮಾನ, ಇಷ್ಟು ಲಕ್ಷ ರೂಪಾಯಿ. ನಮ್ಮ ಪಶ್ಚಿಮಘಟ್ಟವೂ 2012ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ, ಆಗುಂಬೆ ಕಾಡೂ ಅದರಲ್ಲಿ ಸೇರಿದೆ. ಶರಾವತಿ ಕಣಿವೆಯ ಸಿಂಗಳೀಕ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ, ಇರುವುದು ಈ ಘಟ್ಟದಲ್ಲಿ ಮಾತ್ರ. ನಮ್ಮ ಎಷ್ಟೋ ಜನ ಅದನ್ನೇ ನೋಡಿಲ್ಲ. ಕಾಳಿಂಗ ಸರ್ಪ ಗೂಡು ಕಟ್ಟುವ ಕಾಡು ಮನೆ ಹಿಂದೆಯೇ ಇದೆ. ಇಲ್ಲಿನ ಹುಡುಗರಿಗೆ ಆ ದುಡ್ಡು ಸಿಕ್ಕಿದರೆ ಕಾಡೂ ಉಳಿಯುತ್ತದೆ.

ಮಂಡಗದ್ದೆ ಬೈನಾಕ್ಯುಲರ್:
ನಿಟ್ಟೂರಣ್ಣ, ನಿಮ್ಮ ಮಾತು ಒಪ್ಪುತ್ತೇನೆ. ಅದಕ್ಕೇ ನಾನು ಆ ಪ್ರವಾಸದ ಗೈಡ್ ಬಗ್ಗೆ ಬರೆಯಲೇಬೇಕು. ನನಗೆ ಅಲ್ಲಿ ಹಕ್ಕಿಗಳಷ್ಟೇ ಮನಸ್ಸಿಗೆ ನಾಟಿದ್ದು ಅವರು ಜನರನ್ನು ನಡೆಸುವ ರೀತಿ.

ಉದ್ಯಾನದ ಹೆಚ್ಚಿನ ಜಾಗಗಳಿಗೆ ಪರವಾನಗಿ ಪಡೆದ ಗೈಡ್ ಇಲ್ಲದೆ ಯಾರೂ ಕಾಲಿಡುವ ಹಾಗಿಲ್ಲ. ಒಬ್ಬ ಗೈಡ್‌ಗೆ ಹೆಚ್ಚೆಂದರೆ 16 ಜನ. ಗುರುತು ಹಾಕಿದ ಕಾಲುದಾರಿ ಬಿಡಬಾರದು. ಪ್ರಾಣಿಯಿಂದ ಎರಡು ಮೀಟರ್ ದೂರ. ಫ್ಲ್ಯಾಷ್ ಇಲ್ಲ, ಡ್ರೋನ್ ಇಲ್ಲ, ತಿಂಡಿ ಇಲ್ಲ. ಯಾವ ಹಡಗು ಯಾವ ದಿನ ಯಾವ ದ್ವೀಪದಲ್ಲಿ ಇರಬೇಕು ಅಂತ ಉದ್ಯಾನವೇ ಪಟ್ಟಿ ಮಾಡುತ್ತದೆ. ಒಂದೇ ಹಡಗು ಒಂದೇ ಜಾಗಕ್ಕೆ 14 ದಿನದೊಳಗೆ ಮತ್ತೆ ಬರುವ ಹಾಗಿಲ್ಲ. ಪ್ರವಾಸ ಮುಗಿದ ಮೇಲೆ ಏನು ಕಂಡಿತು, ಏನು ತಪ್ಪಾಯಿತು ಅಂತ ಗೈಡ್ ವರದಿ ಬರೆದು ಕೊಡುತ್ತಾರೆ. ಗೈಡ್‌ಗಳು ಬಹುತೇಕ ಆ ದ್ವೀಪದ ನಿವಾಸಿಗಳೇ. ನಮ್ಮ ಗೈಡ್ ಮಹಿಳೆ, ಅವರ ಅಜ್ಜ ಮೀನುಗಾರ. ಕಡಲಸಿಂಹದ ಮರಿ ಪಕ್ಕ ಸೆಲ್ಫಿಗೆ ಬಾಗಿದ ಒಬ್ಬರನ್ನು ಆಕೆ ಎಲ್ಲರೆದುರೇ ಹಿಂದಕ್ಕೆ ಕರೆದರು. ದೊಡ್ಡ ಗಿರಾಕಿ ಅಂತ ನೋಡಲಿಲ್ಲ.

ಇದನ್ನೆಲ್ಲ ಪಾಲಿಸುವುದರಿಂದಲೇ ಅಲ್ಲಿ ಹಕ್ಕಿ ಕಾಲ ಬುಡದಲ್ಲಿ ಮೊಟ್ಟೆಗೆ ಕಾವು ಕೊಡುತ್ತಾ ಕೂತಿರುತ್ತದೆ. ನಮ್ಮ ಅರಣ್ಯ ಇಲಾಖೆಯೂ 2024ರಲ್ಲಿ ಚಾರಣದ ದಾರಿಗಳಿಗೆ ಆನ್‌ಲೈನ್ ಬುಕಿಂಗ್ ತಂದು ದಿನಕ್ಕೆ ಇಷ್ಟೇ ಜನ ಅಂತ ಮಿತಿ ಹಾಕಿತು. ಒಳ್ಳೆಯ ಕೆಲಸ. ಆದರೆ ಬರೀ ಎಣಿಕೆ ಸಾಲದು. ಜೊತೆಗೆ ನಡೆಯುವ, ತಡೆಯುವ, ಕತೆ ಹೇಳುವ ಗೈಡ್ ಬೇಕು. ನಿಮ್ಮ ಊರಿನ ಹುಡುಗರಿಗೆ ಪ್ರತಿ ಮರದ ಹೆಸರು ಗೊತ್ತು. ಅವರಿಗೆ ತರಬೇತಿ, ಪರವಾನಗಿ, ಬೇಡ ಅನ್ನುವ ಅಧಿಕಾರ ಮೂರೂ ಸಿಗಬೇಕು. ಇದನ್ನು ನೋಡಿ ಬಂದವರು ಇಲ್ಲಿ ಜೋರಾಗಿ ಕೇಳಬಹುದು ಅಲ್ವಾ?

ನಿಟ್ಟೂರು ಹೋಂಸ್ಟೇ:
ಬೇಡ ಅನ್ನುವ ಅಧಿಕಾರ. ಅದೇ ಇಲ್ಲದ್ದು. ರಜೆ ದಿನ ಕೊಡಚಾದ್ರಿ ಮೇಲೆ ಪ್ಲಾಸ್ಟಿಕ್ ಎಸೆಯುವವರಿಗೆ ನಮ್ಮ ಹುಡುಗ ಏನಾದರೂ ಹೇಳಿದರೆ, ಕೆಟ್ಟ ರೇಟಿಂಗ್ ಹಾಕಿ ಹೋಗುತ್ತಾರೆ. ಆಮೇಲೆ ಅವನಿಗೆ ಕೆಲಸವೇ ಬರುವುದಿಲ್ಲ. ಅಲ್ಲಿ ಗೈಡ್ ಹಿಂದೆ ಉದ್ಯಾನ ನಿಂತಿದೆ, ಇಲ್ಲಿ ಯಾರೂ ನಿಲ್ಲುವುದಿಲ್ಲ. ನೀವು ಬರೆದದ್ದನ್ನು ನಮ್ಮ ಪಂಚಾಯಿತಿಯಲ್ಲಿ ಓದಿ ಹೇಳುತ್ತೇನೆ. ಮೇಗರವಳ್ಳಿಯವರೇ, ಹೋಗಿ ಬನ್ನಿ. ಬಂದ ಮೇಲೆ ಅಪ್ಪನನ್ನು ಇಲ್ಲಿಗೆ ಕರೆತನ್ನಿ, ನಮ್ಮ ಹುಡುಗರ ಜೊತೆ ಮಾತಾಡಲಿ.

ಹೆಗ್ಗೋಡಿನ ನರ್ಸರಿ:
ಗಿಡದವನಾಗಿ ಒಂದು ಮಾತು. ದ್ವೀಪಕ್ಕೆ ಹೊರಡುವ ವಿಮಾನ ನಿಲ್ದಾಣದಲ್ಲೇ ಬ್ಯಾಗ್ ತಪಾಸಣೆ ಮಾಡುತ್ತಾರೆ. ಹಸಿ ಹಣ್ಣು, ಬೀಜ, ಗಿಡ, ಮಣ್ಣು ಯಾವುದನ್ನೂ ಬಿಡುವುದಿಲ್ಲ. ತೋಟದವರು ದಯವಿಟ್ಟು ಕವಳದ ಚೀಲ ಮನೆಯಲ್ಲೇ ಇಟ್ಟು ಹೋಗಿ. ವೀಳ್ಯದೆಲೆ, ಅಡಿಕೆ ಎರಡೂ ಗಿಡದ ವಸ್ತುವೇ. ತೋಟಕ್ಕೆ ಹಾಕಿದ ಶೂ ಒಯ್ಯುವುದಾದರೆ ಅಡಿಯ ಮಣ್ಣು ಬ್ರಷ್ ಹಾಕಿ ಪೂರ್ತಿ ತೊಳೆಯಿರಿ.

ಇಷ್ಟು ಬಿಗಿ ಯಾಕೆ ಅಂದರೆ ಅವರು ಏಟು ತಿಂದವರು. ನಮ್ಮ ಕಾಡು ನುಂಗುತ್ತಿರುವ ಲಂಟಾನ ಅಲ್ಲೂ ಹಬ್ಬಿದೆ. ಪೇರಲೆ ಅಲ್ಲಿ ಕಳೆ. ಸಾಂತಾ ಕ್ರೂಸ್ ಬೆಟ್ಟದಲ್ಲಿ ಸಿಂಕೋನಾ ಮರ ಹರಡಿ ಮೂಲ ಗಿಡಗಳನ್ನು ಮುಚ್ಚಿತು. ಜನ ಬಿಟ್ಟ ಮೇಕೆಗಳು ಆಮೆಯ ಮೇವನ್ನೆಲ್ಲ ತಿಂದವು. ಉತ್ತರ ಇಸಾಬೆಲಾ ಮತ್ತು ಸ್ಯಾಂಟಿಯಾಗೋದಿಂದ ಮೇಕೆ ತೆಗೆಯುವ ಕೆಲಸ 2006ರ ಹೊತ್ತಿಗೆ ಮುಗಿಯಿತು. ಲಕ್ಷಕ್ಕೂ ಜಾಸ್ತಿ ಮೇಕೆಗಳನ್ನು ಕೊಂದರು. ಕೇಳಲು ಕಷ್ಟ, ಆದರೆ ಹಸಿರು ಮರಳಿ ಬಂತು.

ಎಸ್ಪಾನ್ಯೋಲಾ ದ್ವೀಪದ ಆಮೆಗಳು ಒಂದು ಕಾಲಕ್ಕೆ 14 ಮಾತ್ರ ಉಳಿದಿದ್ದವು, 12 ಹೆಣ್ಣು, 2 ಗಂಡು. ಅಮೆರಿಕದ ಸ್ಯಾನ್ ಡಿಯೇಗೊ ಮೃಗಾಲಯದಿಂದ ಇನ್ನೊಂದು ಗಂಡನ್ನು ತಂದು ಸೇರಿಸಿದರು. ಮರಿ ಮಾಡಿಸಿ, ಬೆಳೆಸಿ, ಸುಮಾರು ಎರಡು ಸಾವಿರ ಆಮೆಗಳನ್ನು ದ್ವೀಪಕ್ಕೆ ಬಿಟ್ಟರು. 2020ರ ಜೂನ್‌ನಲ್ಲಿ ಆ ಮೂಲ 15 ಆಮೆಗಳೂ ವಾಪಸ್ ಮನೆ ಸೇರಿದವು. ಪಿಂಟಾ ದ್ವೀಪದ ಆಮೆ ಲೋನ್‌ಸಮ್ ಜಾರ್ಜ್‌ಗೆ ಆ ಭಾಗ್ಯ ಇರಲಿಲ್ಲ. ಅವನ ಜಾತಿಯ ಕೊನೆಯವನು, 2012ರ ಜೂನ್ 24ರಂದು ಸತ್ತ. ಅಪ್ಪನಿಗೆ ಡಾರ್ವಿನ್ ಸಂಶೋಧನಾ ಕೇಂದ್ರ ತೋರಿಸಿ. ಪ್ವೆರ್ತೊ ಆಯೊರಾ ಊರಿಂದ ನಡೆದೇ ಹೋಗಬಹುದು.

ಮೇಗರವಳ್ಳಿ ತೋಟ:
ಅಪ್ಪನಿಗೆ ಎಲ್ಲವನ್ನೂ ಓದಿ ಹೇಳಿದೆ. ಆ ಹಾರಲಾರದ ನೀರುಕಾಗೆಯ ಭಾಗವನ್ನು ಮತ್ತೆ ಓದಿಸಿದರು. ತಿಂಗಳು ಇನ್ನೂ ಗೊತ್ತಾಗಿಲ್ಲ. ಗೊನೆ ಕೊಯ್ಲು ಮುಗಿದು, ಅಡಿಕೆ ಒಣಗಿ, ಮಳೆ ಹಿಡಿಯುವ ಮೊದಲು ಕೊಳೆರೋಗದ ಔಷಧಿ ಹೊಡೆಯಬೇಕು. ನಡುವೆ ಸಿಗುವುದು ಏಪ್ರಿಲ್, ಮೇ ಮೊದಲ ಭಾಗ ಅಷ್ಟೇ.

ಮಂಡಗದ್ದೆ ಬೈನಾಕ್ಯುಲರ್:
ಅದೇ ಒಳ್ಳೆಯ ಕಾಲ. ಜನವರಿಯಿಂದ ಮೇವರೆಗೆ ಅಲ್ಲಿ ನೀರು ಬೆಚ್ಚಗೆ, ಸಮುದ್ರ ಶಾಂತ. ಜೂನ್‌ನಿಂದ ಡಿಸೆಂಬರ್‌ವರೆಗೆ ತಂಪು, ಗಾಳಿ, ಬೆಟ್ಟದಲ್ಲಿ ಜಿನುಗು ಮಂಜು. ಸೆಪ್ಟೆಂಬರ್ ಸುಮಾರಿಗೆ ಅಲೆ ತುಂಬಾ ಜೋರು. ಏಪ್ರಿಲ್‌ಗೆ ಎಸ್ಪಾನ್ಯೋಲಾಕ್ಕೆ ಆಲ್ಬಟ್ರಾಸ್ ಅನ್ನುವ ದೊಡ್ಡ ಕಡಲಹಕ್ಕಿಗಳು ಮರಳಿ ಬಂದಿರುತ್ತವೆ. ಜೋಡಿಗಳು ಕೊಕ್ಕಿಗೆ ಕೊಕ್ಕು ತಟ್ಟಿ ಕುಣಿಯುತ್ತವೆ. ಅದು ಬೇಕಾದರೆ ಪೂರ್ವದ ದಾರಿ, ನೀರುಕಾಗೆ ಬೇಕಾದರೆ ಪಶ್ಚಿಮದ ದಾರಿ. ಎಂಟು ದಿನದಲ್ಲಿ ಸಾಮಾನ್ಯವಾಗಿ ಎರಡೂ ಕೂಡಿಬರುವುದಿಲ್ಲ. ನನ್ನ ಓಟು ಪಶ್ಚಿಮಕ್ಕೆ.

ಓಲಾಟ ಕಡಿಮೆ ಇರಲಿ ಅಂದರೆ ಎರಡು ಒಡಲಿನ ಕ್ಯಾಟಮರಾನ್ ಹಡಗು ನೋಡಿ. ಕೆಳಗಿನ ಮಹಡಿಯ ನಡುವಿನ ಕೋಣೆ ಕೇಳಿ. ಊಟದ ಚಿಂತೆ ಬೇಡ. ಬುಕಿಂಗ್ ಮಾಡುವಾಗಲೇ ಮೀನು, ಮೊಟ್ಟೆಯೂ ಬೇಡ ಅಂತ ಬರೆದು ಕೊಡಿ. ಅನ್ನ, ಬೇಳೆ ಥರದ ಸಾರು, ಕಾಯಿಬಾಳೆ ಕರಿದದ್ದು, ಹಣ್ಣು ಧಾರಾಳ. ಸಾರಿನ ಬಟ್ಟಲಿಗೆ ಪಾಪ್‌ಕಾರ್ನ್ ಹಾಕಿ ಕೊಡುತ್ತಾರೆ, ಚೆನ್ನಾಗಿರುತ್ತದೆ.

ವಿನೋಬನಗರದ ಡಾಕ್ಟ್ರಮ್ಮ:
ವಾಂತಿ ಮಾತ್ರೆ ಅಪ್ಪನಿಗೆ ನೀವಾಗಿ ಕೊಡಬೇಡಿ. ಕೆಲವು ಮಾತ್ರೆ ವಯಸ್ಸಾದವರಿಗೆ ಮಂಪರು ತರುತ್ತವೆ, ಓಲಾಡುವ ಹಡಗಿನಲ್ಲಿ ಬಿದ್ದರೆ ಕಷ್ಟ. ಡಾಕ್ಟರ್ ಬರೆದದ್ದನ್ನೇ ಕೊಡಿ, ಅದನ್ನೂ ಮನೆಯಲ್ಲಿ ಒಮ್ಮೆ ತೆಗೆದುಕೊಂಡು ನೋಡಲಿ.

ಲಸಿಕೆ ಬೇಡ ಅಂತ ಡಾಕ್ಟರ್ ಹೇಳಿದರೂ ದಾರಿ ಪೂರ್ತಿ ಮುಚ್ಚುವುದಿಲ್ಲ. ನಮ್ಮಲ್ಲಿ ಲೆಕ್ಕಕ್ಕೆ ಬರುವುದು ಆ ದೇಶ ಬಿಟ್ಟ ಮೇಲಿನ 6 ದಿನ. ಬರುವ ದಾರಿಯಲ್ಲಿ ಯುರೋಪಿನಲ್ಲಿ ಒಂದು ವಾರ ಉಳಿದು ಬರುವವರೂ ಇದ್ದಾರೆ. ಅದಕ್ಕೆ ಅಲ್ಲಿನ ವೀಸಾ, ಖರ್ಚು ಬೇರೆ. ಆದರೆ ಲಸಿಕೆ ಇಲ್ಲದೆ ಹೋದರೆ ಸೊಳ್ಳೆ ಕಚ್ಚದಂತೆ ನೋಡಿಕೊಳ್ಳಬೇಕು, ಅಮೆಜಾನ್ ಕಾಡಿನ ಕಡೆ ಸುಳಿಯಲೇಬಾರದು. ಕೀಟೊ ಊರು ಮತ್ತು ದ್ವೀಪಗಳಲ್ಲಿ ಆ ಜ್ವರದ ಭಯ ಇಲ್ಲ.

ಮೇಗರವಳ್ಳಿ ತೋಟ:
ಸರಿ ಹಾಗಾದರೆ. ಈ ವಾರ ಅಪ್ಪನನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಅವರು ಒಪ್ಪಿದರೆ ಏಪ್ರಿಲ್‌ಗೆ ಪಶ್ಚಿಮದ ದಾರಿ, ಕ್ಯಾಟಮರಾನ್. ಡಿಸೆಂಬರ್‌ನಲ್ಲಿ ಮೇಷ್ಟ್ರು ಹೇಳಿದ ಹಾಗೆ ಮಲ್ಪೆ ದ್ವೀಪ. ದೋಣಿಯಲ್ಲಿ ಅಪ್ಪ ಹೇಗೆ ಅಂತಲೂ ಗೊತ್ತಾಗುತ್ತದೆ. ಸಾಗರದ ಮೇಷ್ಟ್ರೇ, ನೀವೂ ಬಂದರೆ ಕಾರಿನಲ್ಲಿ ಜಾಗ ಇದೆ. ಕೊನೆಯ ಪ್ರಶ್ನೆ, ಅಪ್ಪನಿಗೆ ಹೊಸ ಬೈನಾಕ್ಯುಲರ್ ತೆಗೆದುಕೊಡಬೇಕೆ?

ಸಾಗರದ ಮೇಷ್ಟ್ರು:
ಮಲ್ಪೆಗೆ ಖಂಡಿತ ಬರುತ್ತೇನೆ.

ಮಂಡಗದ್ದೆ ಬೈನಾಕ್ಯುಲರ್:
ಮನೆಯಲ್ಲಿ ಇರುವುದೇ ಸಾಕು, ಅಲ್ಲಿ ಹಕ್ಕಿಗಳು ಅಷ್ಟು ಹತ್ತಿರ ಇರುತ್ತವೆ. ಆ ದುಡ್ಡನ್ನು ಅಪ್ಪನ ಕನ್ನಡಕದ ನಂಬರಿಗೆ ಹೊಂದುವ ಈಜು ಮಾಸ್ಕ್‌ಗೆ ಹಾಕಿ. ಈಜು ಬರದಿದ್ದರೂ ಲೈಫ್ ಜಾಕೆಟ್ ಹಾಕಿಕೊಂಡು, ಗೈಡ್ ಕೈ ಹಿಡಿದು, ದಡದ ಹತ್ತಿರದ ನೀರಿನಲ್ಲಿ ಮುಖ ಇಟ್ಟು ನೋಡಬಹುದು. ಪೆಂಗ್ವಿನ್ ನೀರೊಳಗೆ ಹೋಗುವ ವೇಗ ಮೇಲಿನಿಂದ ಗೊತ್ತೇ ಆಗುವುದಿಲ್ಲ. ಮಾಸ್ಕ್ ಮಾಡಿಸಲು ಸಮಯ ಹಿಡಿಯುತ್ತದೆ, ಜನವರಿಯಲ್ಲೇ ಹೇಳಿಬಿಡಿ.